ಸ್ಲೀಪರಿನ ಅಳತೆ

ಬಾಗಲಕೋಟೆಯಿಂದ ಹೊಳೆಯ ಕಡೆಗೆ
ಹಳಿ ಕಿತ್ತು ಹದಿನೆಂಟು ವರ್ಷ.
ಈಗಿಲ್ಲಿ ಕೆಂಪು ಗರಸಿನ ದಾರಿ,
ಎಡಕ್ಕೆ ಸೈಕಲ್ಲು, ಬಲಕ್ಕೆ ನಡೆಯುವವರು,
ಜಾಲಿಯ ನೆರಳಲ್ಲಿ ಸಿಮೆಂಟಿನ ಬೆಂಚು.

ಮಕ್ತುಮಸಾಬ ನದಾಫ ಮಾತ್ರ
ಎರಡೂ ಬದಿ ಬಿಟ್ಟು ನಟ್ಟನಡುವೆ ಬರುತ್ತಾನೆ,
ಒಂದು ಹೆಜ್ಜೆ ಗಿಡ್ಡ, ಒಂದು ಉದ್ದ.
"ಸ್ಲೀಪರ್ ಮ್ಯಾಲಿನ ನಡಿಗಿ ರೀ,
ಕಟ್ಟಿಗಿ ಹೋದ್ರೂ ಕಾಲು ಬಿಡವಲ್ದು."
ಮೂವತ್ತೊಂದು ವರ್ಷ ಕೀಮ್ಯಾನ್.
ಸುತ್ತಿಗೆ ಕೂತಿದ್ದ ಹೆಗಲು
ಈಗಲೂ ಒಂದಿಷ್ಟು ಕೆಳಗೆ.

"ಇಲ್ಲಿ ತಿರುವು" ಎನ್ನುತ್ತಾನೆ. ನನಗೆ ಕಾಣಿಸುವುದಿಲ್ಲ.
ಅಷ್ಟು ಸಾವಕಾಶ ತಿರುಗುತ್ತಿತ್ತಂತೆ ರೈಲು,
ಪಕ್ಕದ ಶೇಂಗಾ ಹೊಲಕ್ಕೂ ಗೊತ್ತಾಗದ ಹಾಗೆ.

ನಾಲ್ಕನೇ ಮೈಲಿಗೆ ದಾರಿ ಮುಗಿದು ನೀರು.
ಹಿನ್ನೀರಿನೊಳಗೆ ಇಳಿದೇ ಹೋಗಿದೆ ಏರಿ.
ಅಡಿಯಲ್ಲೆಲ್ಲೋ ನಿಲ್ದಾಣ, ಒಂದು ಬೇವು, ಅವನ ಕ್ವಾರ್ಟರ್ಸು.
ಅದನ್ನವನು ತೋರಿಸಲಿಲ್ಲ.
ಚೀಲದಿಂದ ಒಗ್ಗರಣಿ ಚುರಮರಿ ತೆಗೆದ.

ಮರಳುವಾಗ ಹಿಂದೆ ಬೆಲ್ಲಿನ ಸದ್ದು:
ಅಣ್ಣನ ಸೈಕಲ್ಲು, ಒಳಪೆಡ್ಲು ಹೊಡೆಯುವ ಹುಡುಗಿ.
ಮಕ್ತುಮಸಾಬ ಏರಿಯಂಚಿಗೆ ಸರಿದು, ನೆಟ್ಟಗೆ ನಿಂತು,
ಹೆಗಲ ಹಸಿರು ಟವೆಲ್ಲು ಬಿಡಿಸಿ ಹಿಡಿದ,
ಕೊನೆಯ ಗಾಲಿ (ಇದ್ದದ್ದೇ ಎರಡು)
ದಾಟುವ ತನಕ.