ಕಾಂಪೌಂಡರ್ ಕೋಣೆ

ಕಾಕ್ಸ್‌ಟೌನ್ ಮನೆಯ ಹಿಂಗೋಣೆಗೆ
ಕಡೆಗೂ ಲೈಸೆನ್ಸು ಬಂತು.
ಅಪ್ಪ ಪುಡಿ ಪೊಟ್ಟಣ ಕಟ್ಟುತ್ತಿದ್ದ ಮೇಜಿಗೇ
ಪ್ರೆಸ್ಸು ಬಿಗಿದೆ, ನಾಲ್ಕು ಬೋಲ್ಟು.
ಅವನ ತಕ್ಕಡಿ ಇನ್ನೂ ಸುಳ್ಳು ಕಲಿತಿಲ್ಲ.

ಊದುಬತ್ತಿ ಆಚೆ. ಮೊಬೈಲೂ ಆಚೆ.
ಚರೆ ಒಂದು ಡಬ್ಬಿ, ಕೇಪು ಇನ್ನೊಂದು,
ಖಾಲಿ ತೋಟೆಗಳು ಬಾಯಿ ತೆರೆದು
ಸಾಲು ನಿಂತಿವೆ, ಸೋಮವಾರದ ರೋಗಿಗಳಂತೆ.

ಗೋಡೆಯಾಚೆಯಿಂದ ಮರ್ಸಿಲಿನ್ ಆಂಟಿ:
“ಏನೇ ಜಸಿಂತಾ, ಇಷ್ಟೊತ್ತಿಂದ?”
“ಮದ್ದು ತೂಗ್ತಿದೀನಿ.”
“ನಿಮ್ಮಪ್ಪನ ಕೈಗುಣ ಬಂದಿದ್ರೆ
ನನ್ನ ಕೆಮ್ಮಿಗೂ ಎರಡು ಪೊಟ್ಟಣ ಕಟ್ಟು.”

ನಗು ತಡೆದೆ. ಉಸಿರೂ.
ತಕ್ಕಡಿಯ ಮುಳ್ಳು ನಡುಗುತ್ತಿತ್ತು.

ನಾಳೆ ರೇಂಜಿನಲ್ಲಿ ಮಣ್ಣಿನ ಹಕ್ಕಿಗಳು,
ಅವಕ್ಕೆ ಯಾವ ಕಾಯಿಲೆಯೂ ಇಲ್ಲ.
ಆದರೂ ಚೀಟಿ ಬರೆದು ಅಂಟಿಸಿದೆ
ಅವನ ಹಾಗೇ: ತಾರೀಖು, ತೂಕ,
ಮಕ್ಕಳ ಕೈಗೆ ಸಿಗದಂತಿಡಿ.