ಬೀಟ್‌ರೂಟ್ ಬಾಯಿಬಿಟ್ಟ ದಿನ

ಚೇಳೂರು ರಸ್ತೆಯ ಬೇಕರಿಯಲ್ಲಿ
ಇಪ್ಪತ್ತೆರಡು ವರ್ಷ ಮೈದಾ ನಾದಿದ ಕೈ ಇದು.
ಹುಬ್ಬಿನಲ್ಲಿ ಹಿಟ್ಟು, ಕಿವಿಯ ಸಂದಿಯಲ್ಲಿ ಹಿಟ್ಟು,
ಅರ್ಧ ಚಿಂತಾಮಣಿಯ ಹುಟ್ಟುಹಬ್ಬ
ನನ್ನ ಉಗುರಿನಡಿಯಿಂದಲೇ ಎದ್ದು ಹೋಗಿದೆ.

ಕಣಕ ಎಳೆದರೆ ಹರಿಯಬಾರದು,
ಬೆಳಕಿಗೆ ಹಿಡಿದರೆ ಆಚೆ ನಿಂತವರ ಮುಖ ಕಾಣಬೇಕು.
ಆ ಜಿಗುಟೇ ನನ್ನ ಹೆಮ್ಮೆ.
ಕೋಲಾರದ ಡಾಕ್ಟರಮ್ಮ ಚೀಟಿಯಲ್ಲಿ
ಅದಕ್ಕೊಂದು ಹೆಸರು ಬರೆದರು: ಗ್ಲೂಟನ್.
"ನಿಮ್ಮ ಮಗಳ ಕರುಳಿಗೆ ಇದು ಆಗದು.
ಚೂರೂ. ಬೆರಳಿಗೆ ಅಂಟಿದ್ದೂ."
ನಾನು ಕೈಗಳನ್ನು ಮೇಜಿನ ಕೆಳಗಿಟ್ಟುಕೊಂಡೆ.

ಅಂದಿನಿಂದ ಮನೆಗೆ ಬಂದರೆ ಹಿತ್ತಲಿಂದಲೇ.
ಅಂಗಿ ಬಿಚ್ಚಿ, ತಲೆಗೆ ನೀರು ಹುಯ್ದುಕೊಂಡು
ಆಮೇಲೆ ಎತ್ತಿಕೊಳ್ಳುವುದು ಯಶಿಕಾಳನ್ನ.
ಏಳು ವರ್ಷಕ್ಕೆ ಹದಿನಾಲ್ಕು ಕೆ.ಜಿ.
ನಾನು ದಿನಾ ಹೊರುವ ಮೂಟೆ
ಅವಳ ಮೂರರಷ್ಟು.

ಮಿಲ್ಲಿನಲ್ಲಿ ರಾಗಿ ಬೀಸಿಸೋಣವೆಂದರೆ
ಅಲ್ಲಿ ಮುಂಚೆಯೇ ಬಿದ್ದಿರುತ್ತದೆ ಯಾರದೋ ಗೋಧಿ.
ನಮ್ಮವ್ವ ಪಾಪಮ್ಮ ಮಂಚದಡಿಯಿಂದ ಬೀಸುಕಲ್ಲು ಎಳೆದಳು.
"ಇದು ಹುಟ್ಟಿದಾಗಿಂದ ಗೋಧಿ ಮುಖ ನೋಡಿಲ್ಲ ಕಣಪ್ಪ."

ಹಳೇ ಕುಕ್ಕರಿಗೆ ಮರಳು ಹಾಸಿ
ವಿಷಲ್ಲು, ಗ್ಯಾಸ್ಕೆಟ್ಟು ಕಿತ್ತಿಟ್ಟು
ರಾಗಿಹಿಟ್ಟು, ಬೆಲ್ಲ, ಒಂದು ಮೊಟ್ಟೆ.
ಮೊದಲ ಕೇಕು ಮುಟ್ಟಿದರೆ ಪುಡಿ.
ಎರಡನೆಯದು ಮಾಲೂರಿನ ಇಟ್ಟಿಗೆ.
ಮೂರನೆಯದನ್ನು ಕೋಳಿಯೂ ಕಾಲಲ್ಲಿ ಕೆದಕಿ ಬಿಟ್ಟುಹೋಯಿತು.
ಬೇಕರಿಯಲ್ಲಿ ಮೇಸ್ತ್ರಿ,
ಅಡುಗೆಮನೆಯಲ್ಲಿ ಮತ್ತೆ ಟ್ರೇ ತೊಳೆಯುವ ಹುಡುಗ.

ರಾಗಿ ಯಾರ ಕೈಯನ್ನೂ ಹಿಡಿಯುವುದಿಲ್ಲ,
ಅದನ್ನೇ ಯಾರಾದರೂ ಅಪ್ಪಿ ಹಿಡಿಯಬೇಕು.
ಸಿಹಿಗುಂಬಳ ಬೇಯಿಸಿ ಅರೆದು ಹಾಕಿದೆ.
ನಿಂತಿತು.

ಆಗ ಹೊಳೆಯಿತು ಕಳ್ಳತನ.
ಬೇಕರಿಯ ಗಾಜಿನಾಚೆ ನಿಂತು
ದಿಲ್‌ಪಸಂದಿನ ತುಂಡು ಎಣಿಸಿ ಹೋಗುವ ಮಗಳು,
ಸಾರಿನ ಕ್ಯಾರೆಟ್ಟನ್ನು ಹೆಕ್ಕಿ
ಕಿಟಕಿಯ ಕಂಬಿಯ ಹಿಂದೆ ಸಾಲಾಗಿ ಕೂರಿಸುವವಳು,
ಅವಳು ಮಲಗಿದ ಮೇಲೆ
ಮಂಡಿಯಲ್ಲಿ ಕೊನೆಗುಳಿದ ಕ್ಯಾರೆಟ್ಟು, ಸೋರೆ,
ಒಂದು ಹಿಡಿ ನುಗ್ಗೆಸೊಪ್ಪು
ತುರಿದು, ಹಿಂಡಿ, ರಾಗಿಯ ಕತ್ತಲಿಗೆ ಇಳಿಸಿದೆ.
ಅಷ್ಟು ಒಳ್ಳೆ ಕತ್ತಲು ಬೇರೆ ಹಿಟ್ಟಿಗಿಲ್ಲ.
ಮೈದಾ ಆಗಿದ್ದರೆ ಎಲ್ಲ ಹೇಳಿಬಿಡುತ್ತಿತ್ತು.

"ಚಾಕ್ಲೇಟ್ ಕೇಕಾ ಅಪ್ಪ?"
"ಹ್ಞೂಂ."
ಸುಳ್ಳಿಗೆ ಏಲಕ್ಕಿ ಹಾಕಿದ್ದೆ.

ಎರಡು ತಿಂಗಳು. ಮುಕ್ಕಾಲು ಕೆ.ಜಿ. ಏರಿದಳು.

ಒಂದು ಶನಿವಾರ ರಾತ್ರಿ ಬೀಟ್‌ರೂಟ್ ಜಾಸ್ತಿಯಾಯಿತು.
ಮಾರನೇ ಸಂಜೆ ಬಚ್ಚಲಿಂದ ಕೂಗು:
"ಅಪ್ಪಾ, ಕೆಂಪು!"
ಓಡಿದೆ. ಬಿಳಿ ಟೈಲ್ಸಿನ ಮೇಲೆ
ಗುಲಾಬಿ ಬಣ್ಣದ ಸಾಕ್ಷಿ.
ಅವಳು ನಡುಗುತ್ತಿದ್ದಳು,
ಮತ್ತೆ ಕೋಲಾರ, ಮತ್ತೆ ಸೂಜಿ ಎಂದು.
ಹೇಳಲೇಬೇಕಾಯಿತು. ಬೀಟ್‌ರೂಟು, ಕುಂಬಳ, ಕ್ಯಾರೆಟ್ಟು, ನುಗ್ಗೆ,
ಒಂದೊಂದೇ ಹೆಸರು ಹೇಳುತ್ತ ನಿಂತೆ,
ಸ್ಟೇಷನ್ನಿನಲ್ಲಿ ಜೊತೆಗಾರರನ್ನು ಹಿಡಿದುಕೊಡುವವನ ಹಾಗೆ.

ಅಳಲಿಲ್ಲ. ನಗಲೂ ಇಲ್ಲ.
"ಸೋರೆಕಾಯೂ?" ಅಂದಳು,
ಅದೊಂದನ್ನು ಮಾತ್ರ ಕ್ಷಮಿಸಲಾಗದವಳಂತೆ.

ಮೂರು ದಿನ ಕೇಕು ಮುಟ್ಟಲಿಲ್ಲ.
ನಾಲ್ಕನೇ ರಾತ್ರಿ ನಿದ್ದೆಗಣ್ಣಲ್ಲೇ ಬಂದು
ತುರಿಯುವ ಮಣೆಯ ಪಕ್ಕ ಕೂತಳು.
"ನಾನು ತುರೀತೀನಿ. ಸೋರೆ ಬೇಡ."

ಈಗ ಶಾಲೆಯ ಡಬ್ಬಿಯಲ್ಲಿ ಎರಡು ತುಂಡು,
ಒಂದು ಪಕ್ಕದ ಬೆಂಚಿನ ಮುಬೀನಾಗೆ.
ಮುಬೀನಾ ಬೆಂಡೆ, ಬದನೆ, ಏನೂ ತಿನ್ನಳಂತೆ.
"ಏನಂತ ಹೇಳಿ ಕೊಟ್ಟೆ?" ಅಂದೆ.
"ಚಾಕ್ಲೇಟು," ಅಂದಳು,
ಬೆರಳ ತುದಿಯ ಕೆಂಪನ್ನು
ಯೂನಿಫಾರ್ಮಿನ ಹಿಂದೆ ಒರೆಸಿಕೊಳ್ಳುತ್ತ.