ಹಿಂದುಮುಂದಾದ ಜೋಡು

ಸರಕುಪಟ್ಟಿಯ ಬೆನ್ನಿಗೆ ನಾಲ್ಕು ಅಕ್ಷರ ಬರೆದ
ಚೀನೀ ಹಡಗಿನ ಅಡುಗೆಯವ.
ನನಗೋ ನಾಲ್ಕೂ ಹರಿದ ಬಲೆಯ ಕಣ್ಣು.
ತಿರುವಿದ್ದು, ಅಂದ. ಜೋಡು, ಅಂದ.
ಮೂರನೆಯದಕ್ಕೆ ಮಾತು ಸಿಗದೆ
ತನ್ನೆದೆಗೊಮ್ಮೆ ನನ್ನೆದೆಗೊಮ್ಮೆ ಬೆರಳು ಮಾಡಿದ.
ಕೊನೆಯದು: ಎದುರುಗೊಳ್ಳು.
ಅರ್ಧ ಹಿಂದಿ, ಅರ್ಧ ಕೈಸನ್ನೆ.

ಸಾವಿರದೆಂಟುನೂರು ವರ್ಷದಾಚೆ ಅವನ ನಾಡಿನಲ್ಲೊಬ್ಬ ಪಂಡಿತ,
ಕಾಣಬಂದವರ ಬಂಡಿಗಳಿಂದ ಬೀದಿ ಕಟ್ಟಿಹೋಗುತ್ತಿತ್ತಂತೆ.
ಒಳಗೆ ಚಾಪೆ ತುಂಬ ಪದವಿ, ಗತ್ತು.
ಆಗ ಜನ ಜೋಡು ಬಿಟ್ಟೇ ಚಾಪೆ ಹತ್ತುತ್ತಿದ್ದರು.
(ನಮ್ಮ ಹಾಗೆ, ಅಂದೆ ನಾನು.)
ಬಾಗಿಲಲ್ಲಿ ಇಂಥವ ಬಂದಿದ್ದಾನೆ ಅಂದದ್ದೇ ತಡ
ಎದ್ದು ಓಡಿದ ಮುದುಕ,
ಜೋಡಿನ ಹಿಮ್ಮಡಿ ಮುಂದು, ಮೂತಿ ಹಿಂದು.
ಕರೆತಂದದ್ದು ಯಾರನ್ನು? ಹುಡುಗ. ಪೀಚಲು.
ಚಾಪೆಗಳು ಮುಖ ಮುಖ ನೋಡಿದವು.
'ಇವನಿಗೆ ನಾನು ಸಮನಲ್ಲ.
ನನ್ನ ಮನೆಯ ಪುಸ್ತಕವೆಲ್ಲ ಇವನಿಗೇ ಸಲ್ಲಬೇಕು.'

ಹಡಗು ಹೋಯಿತು.
ಸಂಜೆ ಬೈತಖೋಲದ ಬಾಡಿಗೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು
ಹವಾಯಿ ಚಪ್ಪಲಿ ತಿರುಗಿಸಿ ಮೆಟ್ಟಿ ನೋಡಿದೆ.
ಆಗುವುದಿಲ್ಲ. ಉಂಗುಟದ ಪಟ್ಟಿ ಒಪ್ಪುವುದಿಲ್ಲ.
ಹೆಚ್ಚೆಂದರೆ ಎಡಬಲ ತಪ್ಪಿಸಬಹುದು.

ಮೂವತ್ತೊಂದು ವರ್ಷ ಈ ಕಾರವಾರ ಬಂದರಿನ ಮೇಜು.
ಸಾಹೇಬರ ಜೀಪಿಗೆ ಎದ್ದಿದ್ದೇನೆ,
ದೋಣಿ ಸಂಘದ ಅಧ್ಯಕ್ಷರಿಗೂ ಎದ್ದಿದ್ದೇನೆ,
ಚಪ್ಪಲಿ ಸರಿಯಾಗಿ ಮೆಟ್ಟಿಯೇ.
ಆ ಜೂನ್‌ನಲ್ಲಿ ತಾರಾಮತಿ ದುರ್ಗೇಕರ್ ಬಂದಿದ್ದಳು,
ಹದಿನೇಳಿರಬಹುದು, ಕಂಕುಳಲ್ಲಿ ಶಾಲೆಯ ನೋಟ್‌ಬುಕ್ಕು.
ಕಾಳಿ ಅಳಿವೆಯ ಮರಳು ಯಾವ ಅಮಾವಾಸ್ಯೆಗೆ ಎಲ್ಲಿ ಸರಿಯಿತು
ಪುಟಪುಟಕ್ಕೂ ಪೆನ್ಸಿಲ್ಲಿನಲ್ಲಿ ಬರೆದಿದ್ದಳು.
ನಮ್ಮ ಗೋಡೆಯ ನಕ್ಷೆಗೆ ಗೊತ್ತಿಲ್ಲದ ದಿಬ್ಬಗಳು.
'ನಿಮ್ಮದು ತಪ್ಪಿದೆ ಸರ್, ಮೊನ್ನೆ ಎರಡು ದೋಣಿ ಹತ್ತಿ ಕೂತವು.'
ಕೂತಲ್ಲಿಂದಲೇ ಅಂದೆ:
ಮಂಗಳವಾರ ಬಾ.

ಎಷ್ಟು ಮಂಗಳವಾರ!
ಬಾಗಿಲು ಕಿರುಗುಟ್ಟಿದರೆ ಈಗ ಮೇಜಿನಡಿ
ಕಾಲ್ಬೆರಳು ತಾವೇ ತಡಕುತ್ತವೆ.
ಇವತ್ತೂ ಹಾಗೇ, ಸಪ್ಪಳ ಕೇಳಿದ್ದೇ ಎದ್ದು
ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ,
ಕುರ್ಚಿ ಉರುಳಿಸಿಕೊಂಡು ಹೊಸ್ತಿಲಿಗೆ ಬಂದೆ.

ಚಹಾದ ಗಜಾನನ ಗುನಗಿ.
ನನ್ನ ಕಾಲು ನೋಡಿದ, ಮುಖ ನೋಡಿದ.
ಏನೂ ಅನ್ನಲಿಲ್ಲ.
ಅರ್ಧ ಲೋಟದ ಬದಲು
ತುಂಬ ಲೋಟ ಕೊಟ್ಟ.